ಎಳೆಯ ಮಕ್ಕಳ ಬೆಳವಣಿಗೆಗೆ ಮನೆಯಲ್ಲೇ ಹಾಡು, ಆಟ

ಭತ್ತದ ಒಟ್ಟಲು ಮಡಿಯಲ್ಲೇ ಪೈರು ಬಡಕಲಾದರೆ ನಾಟಿಯಾದ ಮೇಲೆ ಎಷ್ಟು ಗೊಬ್ಬರ ಕೊಟ್ಟರೂ ಆ ಕೊರತೆ ಪೂರ್ತಿ ತುಂಬುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತರಿಗೆ ಇದನ್ನು ಹೇಳಬೇಕಾಗಿಲ್ಲ. ಮಗುವಿನ ಮೊದಲ ಆರು ವರ್ಷಗಳೂ ಒಟ್ಟಲಿನ ಕಾಲವಿದ್ದಂತೆ. ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಈ ಅವಧಿಯಲ್ಲೇ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆದುದರಿಂದ ಹಾಲು, ರಾಗಿ, ಮೊಟ್ಟೆ, ಸೊಪ್ಪಿನಷ್ಟೇ ಹಿರಿಯರ ಮಾತು, ಹಾಡು, ಆಟಗಳೂ ಮಗುವಿಗೆ ಅಗತ್ಯ.

ಹಾಡು ಮನೆ ಬಿಟ್ಟದ್ದು ಹೇಗೆ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹಿಂದೆ ಮಗುವಿಗೆಂದೇ ಯಾರೂ ಹಾಡು ಕಲಿಸುತ್ತಿರಲಿಲ್ಲ. ರಾಗಿ ಬೀಸುವಾಗ ಬೀಸುವ ಪದ, ಗದ್ದೆಯಲ್ಲಿ ನಾಟಿ ಪದ, ಮದುವೆಯಲ್ಲಿ ಸೋಬಾನೆ, ತೊಟ್ಟಿಲ ಬಳಿ ಜೋಗುಳ, ಹೀಗೆ ಕೆಲಸದೊಡನೆಯೇ ಹಾಡು ಮಗುವಿನ ಕಿವಿಗೆ ಬೀಳುತ್ತಿತ್ತು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಹೆಂಗಸರ ಶ್ರಮ ಉಳಿಯಿತು, ಜೊತೆಗೆ ಹಾಡೂ ಹೋಯಿತು. ಈಗ ಮಗು ಹಟ ಮಾಡಿದರೆ ಕೈಗೆ ಮೊಬೈಲ್ ಕೊಡುವ ರೂಢಿ ಬಂದಿದೆ. ಮಗು ಸುಮ್ಮನಾಗುವುದೇನೋ ನಿಜ. ಆದರೆ ಅದರ ತೊದಲು ನುಡಿಗೆ ಮೊಬೈಲ್ ಉತ್ತರ ಕೊಡುವುದಿಲ್ಲ. ಉತ್ತರ ದೊರೆತಷ್ಟೂ ಮಗು ಮಾತು ಕಲಿಯುತ್ತದೆ. ಎರಡು ವರ್ಷ ತುಂಬುವವರೆಗೆ ಮೊಬೈಲ್, ಟಿ.ವಿ. ಬೇಡವೆಂದೂ, ನಂತರ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಮಾಡಿದೆ.

ಪ್ರಯೋಗದ ಫಲ

ಆಟದಿಂದ ಆಗುವ ಲಾಭವನ್ನು ಅಳೆದು ನೋಡಿದ್ದೂ ಉಂಟು. ಜಮೈಕ ದೇಶದ ಕಿಂಗ್‌ಸ್ಟನ್ ನಗರದಲ್ಲಿ 1986-87ರಲ್ಲಿ ಬೆಳವಣಿಗೆ ಕುಂಠಿತಗೊಂಡ 129 ಬಡಮಕ್ಕಳನ್ನು ಆರಿಸಿಕೊಳ್ಳಲಾಯಿತು. ಇವರಲ್ಲಿ ಒಂದು ಭಾಗದ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಕೈಯಲ್ಲೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವುದನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಎರಡು ವರ್ಷ ಹೀಗೆ ನಡೆಯಿತು. 20 ವರ್ಷಗಳ ನಂತರ ನೋಡಿದಾಗ ಈ ಮಕ್ಕಳ ಸಂಪಾದನೆ, ಇಂತಹ ನೆರವು ದೊರೆಯದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು.

ವಯಸ್ಸಿಗೆ ತಕ್ಕ ಆಟ

1. ಒಂದು ವರ್ಷದೊಳಗೆ: ನೀರು ಹಾಕುವಾಗ, ತೊಟ್ಟಿಲು ತೂಗುವಾಗ ಹಾಡಬೇಕು. ರಾಗ ತಪ್ಪಿದರೂ ಚಿಂತೆಯಿಲ್ಲ. ಮಗು ದನಿ ಮಾಡಿದಾಗ ಹಾಡು ನಿಲ್ಲಿಸಿ ಮಾತನಾಡಿಸಬೇಕು.

2. ಒಂದರಿಂದ ಮೂರು ವರ್ಷ: ಚಪ್ಪಾಳೆ ತಟ್ಟುವುದು, ಸೌಟಿನಿಂದ ತಟ್ಟೆ ಬಡಿದು ತಾಳ ಹಾಕುವುದು, ಬಟ್ಟೆಯ ಚೆಂಡು ಉರುಳಿಸುವುದು, ಕಣ್ಣು ಮೂಗು ತೋರಿಸುವ ಆಟ.

3. ಮೂರರಿಂದ ಆರು ವರ್ಷ: ಕೋಲಾಟದ ಹೆಜ್ಜೆ, ಕಣ್ಣಾಮುಚ್ಚಾಲೆ, ಕುಂಟೆಬಿಲ್ಲೆ. ಅಳಗುಳಿ ಮಣೆಯಲ್ಲಿ ಹುಣಸೆ ಬೀಜ ಹಂಚುತ್ತ ಮಗು ಎಣಿಕೆ ಕಲಿಯುತ್ತದೆ.

ಇದು ತಾಯಿಯೊಬ್ಬಳ ಕೆಲಸವಲ್ಲ. ತಂದೆ ದನಕ್ಕೆ ಮೇವು ಹಾಕುವಾಗ ಮಗುವಿನ ಕೈಗೂ ನಾಲ್ಕು ಎಳೆ ಹುಲ್ಲು ಕೊಟ್ಟು ಮಾತನಾಡಿಸಿದರೆ ಅದೂ ಪಾಠವೇ. ಅಜ್ಜಿಗೆ ಬರುವ ಪದಗಳನ್ನು ಮನೆಯವರು ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಎಚ್ಚರಿಕೆ

ಕೀಟನಾಶಕದ ಖಾಲಿ ಡಬ್ಬವನ್ನು ಎಷ್ಟು ತೊಳೆದರೂ ಆಟಕ್ಕೆ ಕೊಡಕೂಡದು. ಗುಲಗಂಜಿ ಮತ್ತು ಹರಳು ಬೀಜ ಅಗಿದರೆ ವಿಷ. ಹುಣಸೆ ಬೀಜ, ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದಾದ್ದರಿಂದ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಬಾರದು. ನಾಲೆ, ಕೃಷಿ ಹೊಂಡ, ನೀರಿನ ತೊಟ್ಟಿಗಳ ಬಳಿ ಮಕ್ಕಳನ್ನೇ ಬಿಟ್ಟು ಹೋಗಕೂಡದು.

ಆಟದಿಂದ ಇನ್ನೊಂದು ಪ್ರಯೋಜನವುಂಟು. ಆರು ತಿಂಗಳಾದರೂ ಮಗು ಹಾಡಿಗೆ, ಗಿಲಕಿಯ ಸದ್ದಿಗೆ ತಿರುಗದಿದ್ದರೆ ಕಿವಿ ಕೇಳಿಸದಿರಬಹುದು. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯ ಸೌಲಭ್ಯವಿದೆ.

ಮಳವಳ್ಳಿಯ ನೆರೆಯ ತಿ. ನರಸೀಪುರದಲ್ಲಿ 1975ರಲ್ಲಿ ಆರಂಭವಾದ ಅಂಗನವಾಡಿ ಯೋಜನೆ ಇಂದು ನಾಡಿನೆಲ್ಲೆಡೆ ಹರಡಿದೆ. ಆದರೆ ಅಲ್ಲಿ ಶಾಲಾಪೂರ್ವ ಶಿಕ್ಷಣ ದೊರೆಯುವುದು ಮೂರು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಮನೆಯೇ ಮಗುವಿನ ಒಟ್ಟಲು. ದಿನಕ್ಕೆ ಅರ್ಧ ಗಂಟೆ ಅದಕ್ಕಾಗಿ ಮೀಸಲಿಟ್ಟರೆ ಖರ್ಚಿಲ್ಲದೆ ಒಳ್ಳೆಯ ಪೈರು ಕೈಗೆ ಬರುತ್ತದೆ.