ಹಳೆಯ ಮನೆ ನವೀಕರಣ: ವಾಸ್ತುಶಿಲ್ಪಿಯನ್ನು ಕರೆಸುವುದು ಯಾವಾಗ?

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು. ಶ್ರವಣಬೆಳಗೊಳಕ್ಕೆ ಇಲ್ಲಿಂದಲೂ ದಾರಿಯಿದೆ. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ತೆರೆದ ಮೇಲೆ ರೈಲಿನ ಸಂಪರ್ಕವೂ ಒದಗಿತು. ಇಂಥ ಊರಿನಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೊಂಡು, ರಸ್ತೆಯ ಬದಿಗೆ ಮಳಿಗೆ, ಮೇಲೆ ಬಾಡಿಗೆ ಕೋಣೆ ಮಾಡಿಸುವ ಲೆಕ್ಕಾಚಾರ ನಗರದ ಹೂಡಿಕೆದಾರರಿಗೆ ಸಹಜವಾಗಿಯೇ ಹೊಳೆಯುತ್ತದೆ. ಆದರೆ ವಾಸ್ತುಶಿಲ್ಪಿಯ ನೆನಪಾಗುವುದು ಬಹುತೇಕ ಕ್ರಯಪತ್ರ ಮುಗಿದು, ಮೇಸ್ತ್ರಿ ಗೋಡೆಗೆ ಹಾರೆ ಹಾಕಿದ ಮೇಲೆ. ಮುಂಗಡ ಕೊಡುವ ಮುನ್ನವೇ ಅವರನ್ನು ಕರೆಸುವುದು ಲೇಸು.

ಕಾಂಕ್ರೀಟ್ ಕಂಬಗಳ ಕಟ್ಟಡದಲ್ಲಿ ನಡುಗೋಡೆ ತೆಗೆದರೂ ಸಾಮಾನ್ಯವಾಗಿ ಛಾವಣಿ ನಿಲ್ಲುತ್ತದೆ. ಹಳೆಯ ಮನೆಯಲ್ಲಿ ಭಾರ ಹೊರುವುದು ಗೋಡೆಯೇ. ಅದೂ ಎಷ್ಟೋ ಕಡೆ ಮಣ್ಣಿನ ಗೋಡೆ. ಷಟರ್ ಕೂರಿಸಲೆಂದು ಮುಂದಿನ ಗೋಡೆಯನ್ನು ಒಡೆದರೆ, ಅದು ಹೊತ್ತಿದ್ದ ಭಾರವೆಲ್ಲ ಉಳಿದ ತುಂಡುಗಳ ಮೇಲೆ ಬೀಳುತ್ತದೆ. ಮಂಗಳೂರು ಹೆಂಚಿನ ಮಾಡು ರೀಪು ಸಮೇತ ಚದರ ಮೀಟರಿಗೆ ಸುಮಾರು 65 ಕಿಲೋ ತೂಗಿದರೆ, 5 ಅಂಗುಲದ ಕಾಂಕ್ರೀಟ್ ಛಾವಣಿ 300 ಕಿಲೋ ಮೀರುತ್ತದೆ. ಅಂದರೆ 20×30 ಅಡಿ ಮನೆಯ ಮೇಲೆ ನಾಲ್ಕು ಟನ್ನಿಗೂ ಕಡಿಮೆ ಇದ್ದ ಭಾರ ಹದಿನೇಳು ಟನ್ನಿಗೆ ಏರುತ್ತದೆ! ತಳಪಾಯ ಇದನ್ನು ತಡೆಯುವುದೇ ಎಂಬುದು ಅಂದಾಜಿನಲ್ಲಿ ಹೇಳುವ ಮಾತಲ್ಲ. ವಾಸ್ತುಶಿಲ್ಪಿ ಇದಕ್ಕಾಗಿ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ.

ಎರಡನೆಯದು ಕಾಗದಪತ್ರದ ವಿಷಯ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡಕ್ಕೆ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಪಂಚಾಯಿತಿಯ ಅನುಮತಿ ಬೇಕು. ವಾಸದ ಮನೆಯನ್ನು ಅಂಗಡಿಯಾಗಿ ಮಾರ್ಪಡಿಸುವಾಗ ಇ-ಸ್ವತ್ತು ದಾಖಲೆಯ ಅಳತೆಯನ್ನೂ ಸ್ಥಳದ ಅಳತೆಯನ್ನೂ ತಾಳೆ ನೋಡಬೇಕು. ಹೆದ್ದಾರಿಯಿಂದ ಬಿಡಬೇಕಾದ ಅಂತರವನ್ನೂ ಗುರುತಿಸಬೇಕು. ಮಳಿಗೆಗೆಂದು ಎಣಿಸಿದ ಮುಂಭಾಗವೇ ಆ ಅಂತರದೊಳಗೆ ಬಿದ್ದರೆ ಬಾಡಿಗೆಯ ಲೆಕ್ಕವೆಲ್ಲ ತಲೆಕೆಳಗು. ಈ ಸಂಗತಿ ಖರೀದಿಗೆ ಮುನ್ನ ತಿಳಿದರೆ ಬೆಲೆ ಇಳಿಸಿ ಕೇಳಬಹುದು, ಇಲ್ಲವೇ ಕೈಬಿಡಬಹುದು.

ಸುಣ್ಣಬಣ್ಣ, ನೆಲಕ್ಕೆ ಟೈಲ್ಸ್, ನಲ್ಲಿ ಬದಲಾವಣೆ, ಒಡೆದ ಹೆಂಚು ತೆಗೆಸುವುದು - ಇಷ್ಟಕ್ಕೆಲ್ಲ ಅನುಭವಿ ಮೇಸ್ತ್ರಿ ಸಾಕು.

ಅಂದಹಾಗೆ, ವಾಸ್ತುಶಿಲ್ಪಿ ಎಂದರೆ ಬಾಗಿಲಿನ ದಿಕ್ಕು ನೋಡಿ ವಾಸ್ತು ಹೇಳುವವರಲ್ಲ! 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ನೋಂದಣಿ ಪಡೆದವರು ಮಾತ್ರ ‘ಆರ್ಕಿಟೆಕ್ಟ್’ ಎಂಬ ಹೆಸರು ಬಳಸಬಹುದು. ಹಾಗೆಂದು ನಕ್ಷೆ ಬರೆಯುವ ಕೆಲಸ ಇತರರಿಗೆ ನಿಷಿದ್ಧವಲ್ಲ. ಆ ಕಾಯ್ದೆ ಕಾಪಾಡುವುದು ಹೆಸರನ್ನು, ವೃತ್ತಿಯನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಆರಂಭದಲ್ಲೇ ಇಡೀ ಕಾಮಗಾರಿಗೆ ಶುಲ್ಕ ಒಪ್ಪಿಕೊಳ್ಳಬೇಕಾಗಿಲ್ಲ. ಮೊದಲು ಸ್ಥಳ ಪರಿಶೀಲನೆ ಮತ್ತು ಲಿಖಿತ ವರದಿಗಷ್ಟೇ ಹಣ ಕೊಡಿ. ನಕ್ಷೆ, ಮೇಲ್ವಿಚಾರಣೆ ಆಮೇಲಿನ ಮಾತು. ಮಾರುವವರು ಅವಸರಪಡಿಸಿ ಮೊದಲೇ ಮುಂಗಡ ಕೇಳಿದರೆ, ವರದಿ ಪ್ರತಿಕೂಲವಾಗಿದ್ದಲ್ಲಿ ಆ ಹಣವನ್ನು ಹಿಂತಿರುಗಿಸತಕ್ಕದ್ದು ಎಂಬ ಷರತ್ತನ್ನು ವಕೀಲರ ಮೂಲಕ ಕರಾರಿನಲ್ಲಿ ಬರೆಸಿಕೊಳ್ಳಿ.