ಗಾಜು ಹೇಳುವ ಎಚ್ಚರದ ಮಾತು!

ರಾಮಾಪುರದ ಮನೆ ಹಿತ್ತಿಲು. ಆರತಿ ತಟ್ಟೆಗೆ ನೀರು ಸುರಿದು, ಚಿಟಿಕೆ ಅರಿಶಿನ ಕದಡಿ, ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಉಗುರ ತುದಿಯಷ್ಟು ಸುಣ್ಣ ಬಿಟ್ಟಳು ಅಜ್ಜಿ. ಅಬ್ಬಾ! ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿ ನಾಪತ್ತೆ, ತಟ್ಟೆ ತುಂಬ ನೆತ್ತರುಗೆಂಪು. ಬಾಯಿ ಬಿಟ್ಟುಕೊಂಡು ನಿಂತಿದ್ದ ನನ್ನನ್ನು ನೋಡಿ ಅವಳಿಗೆ ನಗು. “ಅರಿಸ್ನಕ್ಕ ಸುಣ್ಣ ಬಿದ್ರ ಕೆಂಪಾಗ್ದೆ ಇನ್ನೇನಾಯ್ತದ ಮಗ?”

ಆ ಕೆಂಪಿನ ಗುಟ್ಟು ತಿಳಿದದ್ದು ಪಿಯುಸಿ ಸೇರಿದ ಮೇಲೆ, ಕೆಮಿಸ್ಟ್ರಿ ಲ್ಯಾಬಿನ ಕಲ್ಲುಕಟ್ಟೆಯ ಮುಂದೆ. ಬಣ್ಣವಿಲ್ಲದ ದ್ರಾವಣಕ್ಕೆ ಎರಡು ಹನಿ ಫಿನಾಲ್ಫ್ಥಲೀನ್. ಅದಕ್ಕೆ ಕ್ಷಾರ ತಾಗಿತೋ, ಗುಲಾಬಿ! ಅಜ್ಜಿಯ ತಟ್ಟೆಯದೇ ಆಟ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕೂಡ ಕ್ಷಾರ ಕಂಡೊಡನೆ ಬಣ್ಣ ಬದಲಿಸುವ ಸೂಚಕವೇ. ಅರಿಶಿನ ಬೆಳೆಯುವ ಚಾಮರಾಜನಗರ ಜಿಲ್ಲೆಯಲ್ಲಿ ಹುಟ್ಟಿದ ನಾವು ತೊಟ್ಟಿಲಿನಿಂದಲೇ ಒಂದು ಲ್ಯಾಬಿನಲ್ಲಿದ್ದೆವು, ಗೊತ್ತೇ ಇರಲಿಲ್ಲ!

ಬಣ್ಣಕ್ಕಿಂತಲೂ ನನ್ನನ್ನು ಮರುಳು ಮಾಡಿದ್ದು ಅಲ್ಲಿನ ಗಾಜಿನ ಸಾಮಾನು. ಲ್ಯಾಬಿನ ಗೋಡೆಯ ಮೇಲೆ ‘ಎಚ್ಚರಿಕೆ’ ಎಂದು ಬರೆದ ಪಟ್ಟಿ ತೂಗುತ್ತಿರುತ್ತದೆ, ಓದುವವರು ಕಡಿಮೆ. ಅದೇ ಮಾತನ್ನು ಒಂದೊಂದು ಪಾತ್ರೆಯೂ ತನ್ನ ಆಕಾರದಲ್ಲೇ ಹೇಳುತ್ತಿರುತ್ತದೆ!

ಕೋನಿಕಲ್ ಫ್ಲಾಸ್ಕನ್ನೇ ನೋಡಿ. ಅಗಲವಾದ ಬುಡ, ಸಣ್ಣ ಕತ್ತು. ಜರ್ಮನಿಯ ಎಮಿಲ್ ಎರ್ಲೆನ್‌ಮೇಯರ್ 1860ರ ಸುಮಾರಿಗೆ ರೂಪಿಸಿದ್ದು. ಮಣಿಕಟ್ಟು ತಿರುಗಿಸುತ್ತ ಗರಗರ ಆಡಿಸಿದರೆ ದ್ರವ ಗೋಡೆ ಹತ್ತುತ್ತದೆ, ಒಳಮುಖವಾಗಿ ಬಾಗಿದ ಗೋಡೆ ಅದನ್ನು ಒಳಕ್ಕೇ ಅಟ್ಟುತ್ತದೆ. ಬೀಕರ್‌ನಲ್ಲಿ ಹೀಗೆ ಆಡಿಸಿ ನೋಡಿ, ಅರ್ಧ ನಿಮ್ಮ ಅಂಗಿಯ ಮೇಲೆ! ಬೀಕರ್‌ನ ಕೆಲಸ ಬೇರೆ. ಅದರ ಕೊಕ್ಕಿಗೆ ಗಾಜಿನ ಕಡ್ಡಿ ತಾಗಿಸಿ, ಕಡ್ಡಿಗುಂಟ ಇಳಿಯುವಂತೆ ಸುರಿಯಬೇಕು. ಮೈಮೇಲಿನ ಗೀಟುಗಳು ಬರೀ ಅಂದಾಜಿನವು, ಅಳತೆಗೆ ನಂಬುವಂತಿಲ್ಲ.

ಅಳತೆಗೆಂದೇ ಹುಟ್ಟಿದ್ದು ಬ್ಯುರೆಟ್. 50 ಮಿಲಿ ಹಿಡಿಯುವ ನೀಳ ಕೊಳವೆ, ಗೀಟಿನಿಂದ ಗೀಟಿಗೆ 0.1 ಮಿಲಿ. ಒಂದು ಹನಿಯೆಂದರೆ ಸುಮಾರು ಅರ್ಧ ಗೀಟು! ತುಂಬುವಾಗ ಅದರ ಬಾಯಿ ನಿಮ್ಮ ಕಣ್ಣಿಗಿಂತ ಕೆಳಗಿರಬೇಕು. ತುಂಬಿದ ಕೂಡಲೇ ಆಲಿಕೆ ತೆಗೆದಿಡಬೇಕು. ಅದರ ತುದಿಯಲ್ಲಿ ತೂಗುತ್ತಿದ್ದ ಹನಿ ಆಮೇಲೆ ಜಾರಿದರೆ ಲೆಕ್ಕ ಕೆಟ್ಟಿತು.

ಪಿಪೆಟ್ ನನಗೆ ಪಾಠ ಕಲಿಸಿದ್ದು ನಾಲಿಗೆಯ ಮೂಲಕ. ಬಾಯಿಂದ ಹೀರುತ್ತಿದ್ದೆ, ಕಣ್ಣೆಲ್ಲ ಗೀಟಿನ ಮೇಲೆ. ತುದಿ ದ್ರಾವಣದಿಂದ ಮೇಲೆದ್ದದ್ದು ತಿಳಿಯಲಿಲ್ಲ. ಸರ್ರೆಂದು ಗಾಳಿ ನುಗ್ಗಿ, ಸೋಡಿಯಂ ಹೈಡ್ರಾಕ್ಸೈಡ್ ಸೀದಾ ಬಾಯಿಗೆ! ಸೋಪಿನಂತೆ ಜಾರುವ, ಉರಿಯುವ ಆ ರುಚಿ ಇಂದಿಗೂ ನೆನಪಿದೆ. ಕೆಲವು ಪಿಪೆಟ್‌ಗಳ ಮೇಲ್ತುದಿಗೆ ಹಾಕುವ ರಬ್ಬರ್ ಬುರುಡೆ ಇರುವುದೇ ಇದಕ್ಕಾಗಿ. ಹೀರುವ ಕೆಲಸ ರಬ್ಬರಿನದು, ಬಾಯಿಯದು ಅಲ್ಲವೇ ಅಲ್ಲ.

ಈಗ ನನ್ನ ಪ್ರಕಾರ ಲ್ಯಾಬಿನ ಅತಿ ದೊಡ್ಡ ಜಾದೂ! ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ, ಜೊತೆಗೆ ನೀರು ಬೆರೆತ ಸಲ್ಫ್ಯೂರಿಕ್ ಆಮ್ಲ, 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ. ಬ್ಯುರೆಟ್‌ನಲ್ಲಿ ಕಡುನೇರಳೆ ಪೊಟ್ಯಾಸಿಯಂ ಪರ್ಮಾಂಗನೇಟ್. ನಲ್ಲಿ ತುಸು ತಿರುಗಿಸಿದೆ. ಮೊದಲ ಹನಿ ಬಿತ್ತು. ಬಣ್ಣ ಹೋಗಲೊಲ್ಲದು! ಆಡಿಸಿದೆ, ಕಾದೆ, ಮೆಲ್ಲಗೆ ಹೋಯಿತು. ಮುಂದಿನ ಹನಿಗಳು ಬೇಗ ಬೇಗ. ಆಮೇಲಂತೂ ಬಿದ್ದದ್ದೇ ತಡ, ಮಾಯ! ಕ್ರಿಯೆಯಿಂದ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಆ ಕ್ರಿಯೆಗೆ ವೇಗ ಕೊಡುತ್ತವೆ. ಹುಟ್ಟಿದ ಕೂಸು ತನ್ನ ತೊಟ್ಟಿಲು ತಾನೇ ತೂಗಿದ ಹಾಗೆ! ಕೊನೆಗೊಂದು ಹನಿ, ತೆಳುಗುಲಾಬಿ, ಅರ್ಧ ನಿಮಿಷ ಆಡಿಸಿದರೂ ಅಲುಗದು. ಅಲ್ಲಿಗೆ ನಿಲ್ಲಿಸಬೇಕು. ಬ್ಯುರೆಟ್ ಓದುವಾಗ ಬೇರೆ ದ್ರವಗಳಲ್ಲಿ ಮೇಲ್ಮೈಯ ತಗ್ಗಿನ ತಳ ನೋಡುತ್ತೇವೆ. ಈ ನೇರಳೆಯಲ್ಲಿ ತಳ ಕಾಣದು, ಮೇಲಂಚು ಓದಬೇಕು.

ಬೆಂಕಿಯ ಹತ್ತಿರ ಗಾಜು ಮೋಸಗಾರ. ಕಾದ ಗಾಜೂ ತಣ್ಣನೆಯ ಗಾಜೂ ನೋಡಲು ಒಂದೇ! ಅದಕ್ಕೇ ಇಕ್ಕಳ. ಟೆಸ್ಟ್ ಟ್ಯೂಬನ್ನು ಮೂರನೇ ಒಂದು ಪಾಲಿಗಿಂತ ಹೆಚ್ಚು ತುಂಬದೆ, ಓರೆಯಾಗಿ ಹಿಡಿದು, ಆಡಿಸುತ್ತ ಕಾಯಿಸಬೇಕು. ಮೂತಿ ನಿಮ್ಮತ್ತಲೂ ಇರಬಾರದು, ಪಕ್ಕದವನತ್ತಲೂ ಇರಬಾರದು. ಸ್ಪಿರಿಟ್ ದೀಪವನ್ನು ಊದಿ ಆರಿಸದೆ ಮುಚ್ಚಳ ಹಾಕಿ ಆರಿಸಬೇಕು. ಇಷ್ಟು ಕಾಯಿಸಿದರೂ ಗಾಜು ಸೀಳದಿರುವುದು ಬೋರಾನ್‌ನ ಕೃಪೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಟೋ ಶಾಟ್ ಜರ್ಮನಿಯ ಯೇನಾದಲ್ಲಿ ತಯಾರಿಸಿದ ಬೋರೋಸಿಲಿಕೇಟ್ ಗಾಜು ಕಾದಾಗ ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದು ಪಾಲಿನಷ್ಟು ಮಾತ್ರ! ಹಾಗೆಂದು ಬಿರುಕು ಬಿಟ್ಟದ್ದನ್ನು ಒಲೆಗಿಟ್ಟರೆ ಯಾವ ಗಾಜೂ ಉಳಿಯದು.

ಆಮ್ಲಕ್ಕೆ ನೀರು ಸುರಿಯಬಾರದೆಂಬ ಪಾಠವಂತೂ ಒಗ್ಗರಣೆ ಹಾಕಿದವರಿಗೆಲ್ಲ ಗೊತ್ತು. ಕಾದ ಎಣ್ಣೆಗೆ ನೀರ ಹನಿ ಬಿದ್ದರೆ ಏನಾಗುತ್ತದೆ? ಸಾಂದ್ರ ಸಲ್ಫ್ಯೂರಿಕ್ ಆಮ್ಲದ ತೂಕ ಅಷ್ಟೇ ನೀರಿನ 1.84 ಪಟ್ಟು. ಮೇಲೆ ಸುರಿದ ನೀರು ತೇಲುತ್ತದೆ, ಬೆರೆಯುವಾಗ ಹುಟ್ಟುವ ಶಾಖಕ್ಕೆ ಅಲ್ಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಆದ್ದರಿಂದ ಯಾವಾಗಲೂ ನೀರಿಗೇ ಆಮ್ಲ, ತೊಟ್ಟು ತೊಟ್ಟಾಗಿ, ಕಲಕುತ್ತ. ಕಣ್ಣಿಗೆ ಕನ್ನಡಕ ಇರಲಿ. ಆದರೂ ಹಾರಿತೆಂದರೆ ನಲ್ಲಿಯ ಕೆಳಗೆ ಕಣ್ಣು ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ತೊಳೆದು, ನೇರ ಆಸ್ಪತ್ರೆಗೆ.

ಇದೆಲ್ಲ ಕಾಲೇಜು ಹುಡುಗರ ಮಾತಾಯಿತು ಎನ್ನಬೇಡಿ. ಕೊಳ್ಳೇಗಾಲದ ಸೀಮೆಯ ರೇಷ್ಮೆ ಹುಳದ ಮನೆಗೆ ಹೋಗಿ ನೋಡಿ: ಬ್ಲೀಚಿಂಗ್ ಪೌಡರ್, ಸುಣ್ಣ. ಬಚ್ಚಲಿನ ಮೂಲೆಯಲ್ಲಿ ಆಸಿಡ್ ಬಾಟಲಿ. ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ಸೇರಿದರೆ ಎದ್ದು ಬರುವುದು ಕ್ಲೋರಿನ್, ಉಸಿರು ಕಟ್ಟಿಸುವ ವಿಷದ ಅನಿಲ. ಇವೆರಡನ್ನು ಒಂದೇ ಬಕೆಟ್ಟಿಗೆ ಎಂದೂ ಹಾಕಬೇಡಿ. ಲ್ಯಾಬಿನ ಗಾಜು ತನ್ನ ಆಕಾರದಲ್ಲೇ ಎಚ್ಚರಿಸುತ್ತದೆ. ಆಸಿಡ್ ತುಂಬಿದ ಜ್ಯೂಸ್ ಬಾಟಲಿ ಮಾತ್ರ ಮಗುವನ್ನು ‘ಬಾ, ಕುಡಿ’ ಎಂದು ಕರೆಯುತ್ತದೆ. ಇವತ್ತೇ ನಿಮ್ಮ ಬಚ್ಚಲಿಗೆ ಹೋಗಿ ನೋಡಿ. ಆಸಿಡ್ ಅದು ಬಂದ ಬಾಟಲಿಯಲ್ಲೇ ಇರಲಿ, ಮೇಲೆ ಹೆಸರಿರಲಿ, ಗೂಡಿಗೆ ಬೀಗ ಬೀಳಲಿ.