ಬ್ಯಾಟರಿ ಹೋದ್ರೆ ಇಯರ್‌ಬಡ್ಸ್ ಬಿಸಾಕಬೇಕಾ? ಬೇಡ ಅಂತಿದೆ ಈ ಕಂಪನಿ

ಇಯರ್‌ಫೋನ್ ಕೆಟ್ಟಾಗ ಹೆಚ್ಚಾಗಿ ಸ್ಪೀಕರ್ ಚೆನ್ನಾಗೇ ಇರುತ್ತೆ. ವೈರ್ ಇರೋದಾದ್ರೆ ಪಿನ್ ಬುಡದಲ್ಲಿ ಮಡಚಿ ಮಡಚಿ ಒಳಗಿನ ತಂತಿ ತುಂಡಾಗುತ್ತೆ. ಅದನ್ನ ರಿಪೇರಿ ಅಂಗಡಿಯವರು ಬೆಸುಗೆ ಹಾಕಿ ಕೊಡ್ತಾರೆ. ತೊಂದರೆ ಇರೋದು ವೈರ್ ಇಲ್ಲದ ಬಡ್ಸ್‌ನಲ್ಲಿ. ಬ್ಯಾಟರಿ ಸೋತರೂ ಬದಲಿಸೋದು ಕಷ್ಟ. ಗಮ್ ಹಾಕಿ ಮುಚ್ಚಿರೋದ್ರಿಂದ ಬಿಚ್ಚೋಕೆ ಹೋದ್ರೆ ಒಡೆದೇ ಹೋಗುತ್ತೆ.

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ಫೇರ್‌ಫೋನ್ ಕಂಪನಿ ಇದಕ್ಕೊಂದು ದಾರಿ ತೋರಿಸಿದೆ. 2013ರಲ್ಲಿ ಇದರ ಮೊದಲ ಮೊಬೈಲ್ ತಯಾರಾಗಿದ್ದೇ ಗ್ರಾಹಕರು ಮುಂಗಡ ಕಟ್ಟಿದ ದುಡ್ಡಲ್ಲಿ. ಮಾಲು ಕೈಗೆ ಬರೋ ಮೊದಲೇ ಹೀಗೆ ಜನ ಹಣ ಹಾಕೋದಕ್ಕೆ ಕ್ರೌಡ್‌ಫಂಡಿಂಗ್ ಅಂತಾರೆ. ಮಾಲು ಬರದಿದ್ರೆ ದುಡ್ಡು ಮುಳುಗೋ ಅಪಾಯವೂ ಇದ್ದೇ ಇದೆ. ಇಲ್ಲಿ 5,000 ಬುಕಿಂಗ್ ಬಂದ್ರೆ ಸಾಕು ಅಂದಿದ್ರು, ಅದಕ್ಕಿಂತ ಎಷ್ಟೋ ಹೆಚ್ಚು ಬಂತು.

ಹಾಗೆ ಬೆಳೆದ ಕಂಪನಿ 2024ರಲ್ಲಿ 'ಫೇರ್‌ಬಡ್ಸ್' ತಂತು. ಬಡ್‌ನ ಸಿಲಿಕೋನ್ ರಿಂಗ್ ತೆಗೆದ್ರೆ ಬ್ಯಾಟರಿ ಹೊರಗೆ ತೆಗೀಬಹುದು. ಚಾರ್ಜಿಂಗ್ ಕೇಸಿನ ಬ್ಯಾಟರಿಗೆ ಒಂದು ಸ್ಕ್ರೂಡ್ರೈವರ್ ಇದ್ರೆ ಆಯ್ತು. ಬಿಡಿಭಾಗಗಳನ್ನೂ ಕಂಪನಿಯೇ ಮಾರುತ್ತೆ.

ಬೆಲೆ ಮಾತ್ರ ಕಮ್ಮಿಯಲ್ಲ. ಬಿಡುಗಡೆಯಾದಾಗ 149 ಯೂರೋ, ಅಂದ್ರೆ 13 ಸಾವಿರ ರೂಪಾಯಿ ಹತ್ತಿರ. ಮಾರಾಟವೂ ಮುಖ್ಯವಾಗಿ ಯುರೋಪಿನಲ್ಲೇ. ಆದ್ರೂ ನಮ್ಮೂರ ಅಂಗಡಿಯಲ್ಲಿ ಬಡ್ಸ್ ಕೊಳ್ಳುವಾಗ ಒಂದು ಮಾತು ಕೇಳಬಹುದು: 'ಇದರ ಬ್ಯಾಟರಿ ಬದಲಿಸೋಕೆ ಆಗುತ್ತಾ? ಒಂದು ಕಳೆದ್ರೆ ಅದೊಂದೇ ಸಿಗುತ್ತಾ?'